ಸುಮ್ಮನಿರುವ ಕೆಲಸ

ನಿಯಮ ಒಂದೇ: ಬಾಯಿ ಬಿಡಬಾರದು.
ಅವರು ಹುಡುಕುತ್ತಾರೆ, ನಾನು ಹಿಂದೆ ಕೂತು ನೋಡುತ್ತೇನೆ.
ಧಾರವಾಡದ ಗ್ರಂಥಾಲಯದ ಮೂರನೇ ಮಹಡಿ,
ಪತ್ರಿಕಾ ವಿಭಾಗದಿಂದ ಎರವಲು ತಂದ ಮೇಜು,
ಒಂದು ಕಂಪ್ಯೂಟರು, ಒಂದು ಗಡಿಯಾರ, ನನ್ನ ನೋಟುಬುಕ್ಕು.
ಬಂದವರಿಗೆ ಸಂಭಾವನೆ: ಗಿರ್ಮಿಟ್ಟು, ಅರ್ಧ ಕಪ್ಪು ಚಹಾ.

ಎರಡು ವರ್ಷ ಕೂತು ಕಟ್ಟಿದ್ದು.
ಹನ್ನೊಂದು ಸಾವಿರ ಪ್ರಬಂಧ, ಧೂಳು ಕೊಡವಿ,
ಸ್ಕ್ಯಾನು ಮಾಡಿ, ಹೆಸರು ಹಚ್ಚಿ ಒಳಗಿಟ್ಟಿದ್ದೇನೆ.
ಬಾಗಿಲು ಎಲ್ಲಿದೆಯೆಂದು ನನಗೆ ಗೊತ್ತು.
ಅದೇ ತೊಂದರೆ.

ಮೊದಲು ಯಮನೂರಪ್ಪ. ರೋಣದ ಕಡೆಯವ, ಎಂ.ಎ. ಎರಡನೇ ವರ್ಷ.
ಚೀಟಿ ಓದಿಕೊಂಡ: ಲಕ್ಕುಂಡಿಯ ಬಾವಿಗಳ ಮೇಲಿನ ಪ್ರಬಂಧ ಹುಡುಕಿ.
ಬಾಣದ ಗುರುತು ಪರದೆ ತುಂಬ ಅಲೆಯಿತು,
ತುಂಬಿದ ಗದಗ ಬಸ್ಸಿನಲ್ಲಿ ಸೀಟು ನೋಡುವವನ ಹಾಗೆ.
'ಮುಂದುವರಿದ ಹುಡುಕಾಟ' ಎಂಬಲ್ಲಿ ಬಂದು ನಿಂತ.
"ಮೇಡಮ್ಮರ, ನಾ ಇನ್ನ ಹುಡುಕೂದು ಚಾಲೂನ ಮಾಡಿಲ್ಲ,
ಮುಂದುವರಿಯೂದು ಹೆಂಗ್ರಿ?"
ಇಂಗ್ಲಿಷಿನಿಂದ ಆ ಮಾತು ಹೊತ್ತು ತಂದವಳು ನಾನೇ.
ನಾಲಿಗೆ ಕಚ್ಚಿಕೊಂಡೆ.
ಬರೆದೆ: ನಾಲ್ಕು ನಿಮಿಷ, ಹನ್ನೆರಡು ಸೆಕೆಂಡು, ಸಿಗಲಿಲ್ಲ.

ಆಮೇಲೆ ಇನಾಮದಾರ ಸರ್. ಚೀಟಿ ನೋಡಲೇ ಇಲ್ಲ.
ಲೊಕ್ಕಿಗುಂಡಿ ಎಂದು ಒತ್ತಿದರು. ಪರದೆ ಬರಿದು.
ಇನ್ನೊಮ್ಮೆ ಒತ್ತಿದರು, ಜೋರಾಗಿ, ಕಿವುಡರಿಗೆ ಹೇಳಿದ ಹಾಗೆ.
"ಶಾಸನದಾಗ ಹಂಗ ಅದ. ನಿಮ್ಮ ಮಷಿನ್ನಿಗೆ ಗೊತ್ತಿಲ್ಲಂದ್ರ
ಅದಕ್ಕ ಮೊದಲ ಓದಲಿಕ್ಕೆ ಕಲಸ್ರಿ."
ಚಹಾ ಕುಡಿದರು. ಗಿರ್ಮಿಟ್ಟು ಮುಟ್ಟಲಿಲ್ಲ.

ಮೂರನೆಯವಳು, ನಾಲ್ಕನೆಯವನು, ಇಬ್ಬರದೂ ಅದೇ ಕತೆ;
ಒಬ್ಬಳು ದಾರಿ ತಪ್ಪಿ ಪ್ರಶ್ನೆಪತ್ರಿಕೆಗಳ ಓಣಿಗೆ ಹೋಗಿ
ಅಲ್ಲೇ ಖುಷಿಯಾಗಿ ಉಳಿದಳು.

ಕೊನೆಗೆ ಶಬೀನಾ ನದಾಫ್, ಸವಣೂರಿನವಳು.
ಕಂಪ್ಯೂಟರ್ ಮುಂದೆ ಕೂರಲಿಲ್ಲ.
"ನಾ ಚಿಗರಿ ಬಸ್ಸಿನಾಗ ನಿಂತ ಓದತೀನ್ರಿ,
ಒಂದ ಕೈ ಕಂಬಕ್ಕ, ಒಂದ ಕೈ ಫೋನಿಗೆ."
ಎಡಗೈಯಿಂದ ಕಪಾಟಿನ ಸರಳು ಹಿಡಿದು ನಿಂತಳು,
ನವನಗರ ದಾಟಿ ಉಣಕಲ್ಲಿನ ಕಡೆ ಹೊರಟ ಹಾಗೆ.
ಆ ಒಂದು ಹೆಬ್ಬೆರಳು. ನಾನಿಟ್ಟ ಗುಂಡಿ
ಬಲತುದಿಯ ಮೇಲ್ಮೂಲೆಯಲ್ಲಿ, ಅದಕ್ಕೆ ಎಟುಕದಷ್ಟು ದೂರ.
ಎಟುಕಿಸಿದಳು. ಲಕ್ಕುಂಡಿ, ಒಂದಕ್ಷರ ತಪ್ಪಿಲ್ಲ.
'ಫಲಿತಾಂಶ ಇಲ್ಲ.'
ಮುಖ ನೋಡಿದೆ: ಮಾರ್ಕ್ಸ್ ಕಾರ್ಡು ತಡೆಹಿಡಿದವರ ಮುಖ.
"ತಪ್ಪು ನಂದ ಇರಬೇಕ್ರಿ," ಅಂದಳು.
ನೋಟುಬುಕ್ಕು ತಿರುವಿ ನೋಡಿದೆ.
ಐವರಲ್ಲಿ ನಾಲ್ವರು ಅದನ್ನೇ ಅಂದಿದ್ದರು.

ರಾತ್ರಿ ಎಲ್ಲ ಹೋದ ಮೇಲೆ ಬಿಚ್ಚಿ ನೋಡಿದೆ.
ಇತ್ತು ಪ್ರಬಂಧ. ಹಳೆಯ ಫಾಂಟಿನಲ್ಲಿ ಹೊಡೆಸಿದ ಹೆಸರು,
ಕಣ್ಣಿಗೆ ಚಂದದ ಕನ್ನಡ,
ಯಂತ್ರದ ಹೊಟ್ಟೆಯೊಳಗೆ ಬರೀ ಡಾಲರು, ಆವರಣ, ಅಡ್ಡಗೆರೆ.
ಕರೆದರೆ ಓ ಎನ್ನಲು ಅದಕ್ಕೆ ತನ್ನ ಹೆಸರೇ ಗೊತ್ತಿರಲಿಲ್ಲ.
ಅಂಥವು ಆರು ಸಾವಿರದ ಮುನ್ನೂರು.
ಎಲ್ಲದರ ಕೊನೆಗೆ ನನ್ನ ಸಹಿ: ಪರಿಶೀಲಿಸಲಾಗಿದೆ.

ಐದು ವಾರ ಹಿಡಿಯಿತು. ಹೆಸರುಗಳನ್ನು ತಿದ್ದಿದೆ,
ಲೊಕ್ಕಿಗುಂಡಿಯ ಕೈಯನ್ನು ಲಕ್ಕುಂಡಿಯ ಕೈಗೆ ಕೊಟ್ಟೆ,
ಗುಂಡಿಯನ್ನು ಹೆಬ್ಬೆರಳಿನ ಕೆಳಗೆ ಇಳಿಸಿದೆ.
'ಮುಂದುವರಿದ' ಹೋಗಿ 'ಇನ್ನಷ್ಟು ಹೇಳಿ' ಬಂತು.
'ಫಲಿತಾಂಶ ಇಲ್ಲ' ಎಂಬಲ್ಲಿ ಬಹಳ ಹೊತ್ತು ಕೂತೆ.
ಅಳಿಸಿ, ಬರೆದು, ಅಳಿಸಿ, ಕೊನೆಗೆ:
'ನಮಗೆ ಸಿಗಲಿಲ್ಲ. ತಪ್ಪು ನಮ್ಮದಿರಬಹುದು.'
ಕಮಿಟಿಯಲ್ಲಿ ಒಬ್ಬರು ಕೇಳಿದರು,
ಸರಕಾರಿ ಸಂಸ್ಥೆ ಹೀಗೆ ಬರೆಯಬಹುದೇ ಎಂದು.

ಶಬೀನಾ ಮತ್ತೆ ಬಂದಳು. ಸರಳು ಹಿಡಿದಳು.
ಹೆಬ್ಬೆರಳು ಆಡಿತು. ಹತ್ತೊಂಬತ್ತು ಸೆಕೆಂಡು.
ಏನು ಬದಲಾಗಿದೆ ಎಂದು ಕೇಳಲಿಲ್ಲ.
ನನ್ನ ಕಡೆ ನೋಡಲೂ ಇಲ್ಲ.
ಸರಳು ಬಿಟ್ಟು, ನೆಲಕ್ಕೇ ಕೂತು,
ಬ್ಯಾಗಿನೊಳಗೆ ಪೆನ್ನಿಗಾಗಿ ತಡಕಾಡಿ
ಅಂಗೈಯ ಮೇಲೆ ಪುಟಸಂಖ್ಯೆ ಬರೆದುಕೊಂಡಳು.
ಮೇಜಿನ ಮೇಲೆ ಗಿರ್ಮಿಟ್ಟು ಮೆತ್ತಗಾಗುತ್ತಿತ್ತು.
ಹೇಳಬೇಕೆನಿಸಿತು.
ನಿಯಮ ಇತ್ತಲ್ಲ.